ಅಲ್ಪಕಾಲದ ವಿದೇಶ ಪ್ರವಾಸ ಮತ್ತು ದಿನಚರಿ

ಜರ್ಮನಿಯ ಮೋಟಾರು ಸಂಸ್ಥೆಗಳ ಕಾರ್ಖಾನೆಗಳು 2009ರಲ್ಲಿ ಚಾಕಣದಲ್ಲಿ ಆರಂಭವಾದ ಮೇಲೆ, ಉದ್ಯೋಗ ನಿಮಿತ್ತ ಯುರೋಪಿಗೆ ಹೋಗಿಬರುವುದು ಇಲ್ಲಿನ ಕುಟುಂಬಗಳಿಗೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಆದರೆ ಇಂತಹ ಪ್ರವಾಸ ಬಹುಮಟ್ಟಿಗೆ ವಿಮಾನ ನಿಲ್ದಾಣ, ಹೋಟೆಲು, ಕಾರ್ಖಾನೆ ಇಷ್ಟರಲ್ಲಿಯೇ ಮುಗಿಯುತ್ತದೆ. ನಗರವನ್ನು ಕಾಣಲು ದೊರೆಯುವುದು ಒಂದು ಶನಿವಾರ, ಒಂದು ಭಾನುವಾರ. ಮರಳಿದಾಗ ಛಾಯಾಚಿತ್ರಗಳು ನೂರಾರು ಇರುತ್ತವೆ; ‘ಅಲ್ಲಿ ಏನು ಕಂಡೆ?’ ಎಂದು ಮನೆಯ ಹಿರಿಯರು ಕೇಳಿದರೆ ‘ಬಹಳ ಸ್ವಚ್ಛವಾದ ಊರು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಹೊರಡುವುದಿಲ್ಲ.

ಇದಕ್ಕೆ ಮರೆವಿನ ಸ್ವಭಾವವೇ ಕಾರಣ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಮರೆವಿನ ವೇಗವನ್ನು ಅಳೆದು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ತೀವ್ರವಾಗಿದ್ದು ಅನಂತರ ಮಂದವಾಗುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ಕಣ್ಣಾರೆ ಕಂಡ ಊರು ಅಷ್ಟು ಬೇಗ ಅಳಿಯದಿದ್ದರೂ ಅದರ ಸೂಕ್ಷ್ಮ ವಿವರಗಳು ಮೊದಲು ಜಾರುತ್ತವೆ. ‘ಮನೆಗೆ ಹೋಗಿ ಬರೆದರಾಯಿತು’ ಎಂಬ ಸಂಕಲ್ಪ ಕೈಗೂಡುವುದು ವಿರಳ.

ಬರೆಯುವ ವೇಳೆಯನ್ನು ದೇಹವೇ ಸೂಚಿಸುತ್ತದೆ. ಜರ್ಮನಿಯ ಗಡಿಯಾರವು ನಮ್ಮದಕ್ಕಿಂತ ಬೇಸಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಏಳುವವರಿಗೆ ಅಲ್ಲಿ ಬೇಸಗೆಯಲ್ಲಿ ಮೊದಲ ದಿನಗಳಂದು ನಡುರಾತ್ರಿ ಎರಡೂವರೆಗೇ ಎಚ್ಚರವಾಗಬಹುದು; ಸಂಜೆಯೇ ಕಣ್ಣು ಎಳೆಯಬಹುದು. ಆದುದರಿಂದ ಸಂಜೆ ಹತ್ತು ಹನ್ನೆರಡು ಪದಗಳನ್ನು ಮಾತ್ರ ಗುರುತು ಹಾಕಿಕೊಂಡು ಮಲಗುವುದು ಮೇಲು. ಅಕಾಲದಲ್ಲಿ ಎಚ್ಚರವಾದರೆ ಮೊಬೈಲಿನ ಬೆಳಕಿಗೆ ಕಣ್ಣು ಕೊಡದೆ, ಮಂದ ದೀಪದಲ್ಲಿ ಆ ಪದಗಳನ್ನು ವಾಕ್ಯಗಳಾಗಿ ಬೆಳೆಸಿ ಮತ್ತೆ ನಿದ್ರೆಗೆ ಪ್ರಯತ್ನಿಸಬೇಕು. ಅದೇ ಪುಟದಲ್ಲಿ ನಿದ್ರೆಯ ವೇಳೆ, ಊಟ, ಸೇವಿಸಿದ ಔಷಧಿ ಇವನ್ನೂ ಬರೆದಿಡುವುದು ಹಿತಕರ. ಮಧುಮೇಹ, ರಕ್ತದೊತ್ತಡಗಳಿಗೆ ಔಷಧಿ ಸೇವಿಸುವವರು ಬದಲಾದ ವೇಳೆಯ ಬಗ್ಗೆ ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಳ್ಳಬೇಕು. ಮರಳಿದ ಮೇಲೆ ಈ ಪುಟವೇ ಅವರಿಗೆ ನಂಬಲರ್ಹವಾದ ವರದಿಯಾಗುತ್ತದೆ.

ಇನ್ನು ಬರೆಯಬೇಕಾದುದೇನು? ‘ಸುಂದರ’, ‘ಭವ್ಯ’ ಎಂಬ ವಿಶೇಷಣಗಳು ಯಾವ ಊರಿಗಾದರೂ ಹೊಂದುತ್ತವೆ. ಸ್ಟುಟ್‌ಗಾರ್ಟ್ ನಗರವು ಗುಡ್ಡಗಳ ನಡುವಿನ ಬೋಗುಣಿಯಂತಹ ತಗ್ಗಿನಲ್ಲಿದೆ. ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳಿವೆ. ಬೀದಿಗಳನ್ನು ಕೂಡಿಸುವ ನೂರಾರು ಮೆಟ್ಟಿಲು ದಾರಿಗಳಿವೆ. ಅವುಗಳಲ್ಲಿ ಒಂದನ್ನು ಹತ್ತಿ, ಮೆಟ್ಟಿಲುಗಳೆಷ್ಟು, ಎಲ್ಲಿ ಉಸಿರು ಕಟ್ಟಿತು, ಜೊತೆಗೆ ಹತ್ತುತ್ತಿದ್ದವರು ಯಾರು ಎಂದು ಬರೆದರೆ ಆ ಊರು ಪುಟದ ಮೇಲೆ ಉಳಿಯುತ್ತದೆ.

ಕನ್ನಡಿಗನು ಅಲ್ಲಿ ಕಾಣಬೇಕಾದುದು ಬೇರೆಯೂ ಇದೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಟ್ಯೂಬಿಂಗೆನ್. 1853ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮಗಿತ್ತ ಫರ್ಡಿನಾಂಡ್ ಕಿಟ್ಟೆಲರು 1903ರಲ್ಲಿ ನಿಧನರಾದುದು ಅಲ್ಲಿಯೇ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗರು 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಸ್ಟುಟ್‌ಗಾರ್ಟಿನ ನೆರೆಯ ಊರು. ಪರದೇಶದಿಂದ ಬಂದು ನಮ್ಮ ಜನರ ಮಾತನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟವರ ನಾಡಿನಲ್ಲಿ ನಾವು ಎರಡು ದಿನ ಇದ್ದು ಎರಡು ಪುಟವನ್ನೂ ಬರೆಯದೆ ಬರುವುದು ಉಚಿತವೆನಿಸದು.

ಅವಲೋಕನದ ಕಾರ್ಯ ಮರಳಿದ ಮೇಲಿನದು. ಒಂದು ವಾರ ಕಳೆದು ದಿನಚರಿಯನ್ನು ಓದಿ, ಬದಿಯಲ್ಲಿ ನಮ್ಮ ಊರಿನ ಮಾತು ಬರೆಯಬೇಕು. ಸ್ಟುಟ್‌ಗಾರ್ಟಿನ ಹಳೆಯ ಅರಮನೆ 1931ರಲ್ಲಿ ಬೆಂಕಿಗೆ ಆಹುತಿಯಾಗಿ, ಮಹಾಯುದ್ಧದಲ್ಲಿ ಮತ್ತೆ ಹಾಳಾಗಿ, ಪುನಃ ಎದ್ದು ನಿಂತು ಇಂದು ವಸ್ತುಸಂಗ್ರಹಾಲಯವಾಗಿದೆ. ಚಾಕಣದಲ್ಲಿಯೂ ಸಂಗ್ರಾಮದುರ್ಗವಿದೆ. 1660ರಲ್ಲಿ ಶಾಯಿಸ್ತಾಖಾನನ ಅಪಾರ ಸೇನೆಯನ್ನು ಫಿರಂಗೋಜಿ ನರಸಾಳನು ಐವತ್ತು ದಿನಗಳಿಗೂ ಮಿಕ್ಕಿ ತಡೆದು ನಿಲ್ಲಿಸಿದ ಕೋಟೆ ಅದು. ಪರದೇಶದ ಅರಮನೆಯ ಮುಂದೆ ಒಂದು ಗಂಟೆ ನಿಂತವರು ಮನೆಯ ಬಳಿಯ ಕೋಟೆಯ ಮುಂದೆ ಎಷ್ಟು ಹೊತ್ತು ನಿಂತಿದ್ದಾರೆ? ಈ ಪ್ರಶ್ನೆಯನ್ನು ನಮ್ಮೆದುರು ಇಡುವ ದಿನಚರಿಯೇ ಸಾರ್ಥಕವಾದ ದಿನಚರಿ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿ. ಕೃ. ಗೋಕಾಕರಿಂದ ನಮಗೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕೃತಿ ದೊರೆಯಿತು. ನಾವೆಲ್ಲರೂ ಗ್ರಂಥಕರ್ತರಾಗಬೇಕಿಲ್ಲ. ನಾಲ್ಕು ದಿನದ ಪ್ರವಾಸಕ್ಕೆ ಎಂಟು ಪುಟ, ಅದೂ ಕನ್ನಡದಲ್ಲಿ, ಬರೆದಿಟ್ಟರೆ ಸಾಕು. ಮರಾಠಿ ನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ತಂದೆತಾಯಿಯರ ಕೈಬರಹದ ಕನ್ನಡವನ್ನು ಓದಲು ಅದೊಂದು ಕಾರಣವೂ ಆದೀತು.