ನಿಮಗಿದು ಗೊತ್ತೆ? ಪೋಲಿಷ್‌ ಭಾಷೆಯಲ್ಲಿ ಯಿಡ್ಡಿಷ್‌ನ ಹೆಸರು
ಮಧ್ಯಯುಗದ ಜರ್ಮನ್ ಉಪಭಾಷೆಗಳ ತಳಹದಿಯ ಮೇಲೆ ಬೆಳೆದು, ಹೀಬ್ರೂ, ಅರಮಾಯಿಕ್ ಮತ್ತು ಸ್ಲಾವಿಕ್ ಮೂಲದ ಪದಗಳನ್ನು ತನ್ನದಾಗಿಸಿಕೊಂಡ ಯಿಡ್ಡಿಷ್, ಹೀಬ್ರೂ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆಯಲಾಗುವ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾಗಿದ್ದ ಭಾಷೆ. ಇಂದಿನ ಪೋಲಿಷ್‌ನಲ್ಲಿ ಇದನ್ನು ‘ಯಿದಿಷ್’ ಎನ್ನುತ್ತಾರೆ. ನಾಮಪದಗಳು ಏಳು ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುವ ಆ ಭಾಷೆಯಲ್ಲಿ ಈ ಪದವು ಸಾಮಾನ್ಯವಾಗಿ ಯಾವ ಪ್ರತ್ಯಯವನ್ನೂ ತಳೆಯದೆ ಅವ್ಯಯದಂತೆ ನಿಲ್ಲುತ್ತದೆ.

ಹಿಂದೆ ಇದೇ ಭಾಷೆಯನ್ನು ‘ಯಹೂದಿ ಭಾಷೆ’ ಎಂಬ ಅರ್ಥದ ‘ಝಿದೋವ್‌ಸ್ಕಿ’ ಎಂಬ ವಿಶೇಷಣದಿಂದಲೂ, 19ನೆಯ ಶತಮಾನದಲ್ಲಿ ಕೆಲವು ಯಹೂದಿ ವಿದ್ಯಾವಂತರೂ ಸೇರಿದಂತೆ ಹಲವರು ಕೀಳುಗಳೆಯುವ ‘ಝಾರ್ಗೋನ್’, ಅಂದರೆ ಬೆರಕೆ ಮಾತು, ಎಂಬ ಹೆಸರಿನಿಂದಲೂ ಕರೆಯುತ್ತಿದ್ದರು. ಆದರೆ 1908ರ ಚೆರ್ನೊವಿಟ್ಸ್ ಸಮ್ಮೇಳನವು ಯಿಡ್ಡಿಷನ್ನು ಯಹೂದಿ ಜನರ ಒಂದು ರಾಷ್ಟ್ರೀಯ ಭಾಷೆಯೆಂದು ಸಾರಿತು. 1925ರಲ್ಲಿ, ಆಗ ಪೋಲೆಂಡಿಗೆ ಸೇರಿದ್ದ ವಿಲ್ನಾ ನಗರದಲ್ಲಿ, ಈ ಭಾಷೆಯ ವೈಜ್ಞಾನಿಕ ಅಧ್ಯಯನಕ್ಕಾಗಿ ‘ಯಿವೊ’ ಸಂಸ್ಥೆ ಸ್ಥಾಪನೆಯಾಯಿತು.

1931ರ ಪೋಲಿಷ್ ಜನಗಣತಿಯಲ್ಲಿ ಸುಮಾರು 25 ಲಕ್ಷ ಜನರು ಯಿಡ್ಡಿಷನ್ನು ತಾಯ್ನುಡಿಯೆಂದು ದಾಖಲಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳು ನಡೆಸಿದ ನರಮೇಧದಲ್ಲಿ ಈ ಭಾಷಿಕ ಸಮುದಾಯದ ಬಹುಪಾಲು ನಾಶವಾದದ್ದು ಮಾನವಕುಲಕ್ಕೇ ಆದ ತುಂಬಲಾರದ ನಷ್ಟ. ಪೋಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿ, ಯಿಡ್ಡಿಷ್‌ನಲ್ಲೇ ಕಥೆ, ಕಾದಂಬರಿಗಳನ್ನು ಬರೆದ ಐಸಾಕ್ ಬಾಷೆವಿಸ್ ಸಿಂಗರ್ ಅವರಿಗೆ 1978ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಸಂದಿತು. 2009ರಲ್ಲಿ ಪೋಲೆಂಡ್, ಪ್ರಾದೇಶಿಕ ಹಾಗೂ ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದನ್ನು ಅನುಮೋದಿಸಿ, ತನ್ನ ಸಂರಕ್ಷಿತ ಭಾಷೆಗಳ ಪಟ್ಟಿಯಲ್ಲಿ ಯಿಡ್ಡಿಷನ್ನೂ ಸೇರಿಸಿತು.