ಕಂಪ್ಯೂಟರ್‌ನಲ್ಲಿ ಧ್ವನಿ ಬರ್ತಿಲ್ಲವೇ? ದುಡ್ಡು ಕೊಡೋ ಮೊದಲು ಇಷ್ಟು ನೋಡಿ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ನಮ್ಮ ಸಂಘಗಳಲ್ಲಿ ಮಕ್ಕಳ ಓದಿಗೆ ಅಂತ ಸಾಲ ಪಡೆದು ಕಂಪ್ಯೂಟರ್ ತಂದವರಿದ್ದಾರೆ. ಒಂದು ದಿನ ಪರದೆಯಲ್ಲಿ ಚಿತ್ರ ಬರುತ್ತೆ, ಮಾತು ಕೇಳಿಸಲ್ಲ. ಮಗುವಿನ ಪಾಠ ನಿಂತುಹೋಗುತ್ತೆ. "ಮೆಷಿನ್ನೇ ಕೆಟ್ಟೋಯ್ತು" ಅಂತ ಗಾಬರಿಯಾಗಿ ಪೇಟೆಗೆ ಹೊತ್ತುಕೊಂಡು ಹೋಗುತ್ತೇವೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಬಹುದು, ಆದರೆ ಒಂದು ದಿನದ ಕೂಲಿ ಹೋಗುತ್ತೆ. ನಮಗೆ ವಿಷಯ ಗೊತ್ತಿಲ್ಲದಿದ್ದರೆ ಅಂಗಡಿಯಲ್ಲಿ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗುತ್ತೆ. ಮೊದಲ ಸಾಲದ ಕಂತು ತೀರುವ ಮುಂಚೆ ಇನ್ನೊಂದು ಸಾಲ ಕೇಳುವ ಪರಿಸ್ಥಿತಿ ಬರಬಾರದು.

ಧ್ವನಿ ನಿಲ್ಲೋದಕ್ಕೆ ಎಷ್ಟೋ ಸಲ ಕಾರಣ ಬಹಳ ಚಿಕ್ಕದು. ಮನೆಯಲ್ಲೇ ಪತ್ತೆ ಮಾಡಬಹುದು.

ಧ್ವನಿ ಬರುವ ದಾರಿ

ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ನಲ್ಲಿ, ಆಮೇಲೆ ಪೈಪು, ಕೊನೆಗೆ ಟ್ಯಾಂಕು ನೋಡುತ್ತೇವೆ ಅಲ್ಲವೇ? ಇಲ್ಲೂ ಹಾಗೇ. ಪಾಠದ ಧ್ವನಿ ವಿಂಡೋಸ್ ಮತ್ತು ಡ್ರೈವರ್ ಎಂಬ ಸಾಫ್ಟ್‌ವೇರ್ ಮೂಲಕ ಸೌಂಡ್ ಕಾರ್ಡಿಗೆ ಬಂದು, ಅಲ್ಲಿಂದ ವೈರಿನಲ್ಲಿ ಸ್ಪೀಕರಿಗೆ ಹೋಗುತ್ತೆ. ತಡೆ ಎಲ್ಲಿದೆ ಅಂತ ಹೊರಗಿನಿಂದ ಒಳಕ್ಕೆ, ಒಂದೊಂದಾಗಿ ನೋಡೋಣ.

ಹೊರಗೆ ನೋಡಬೇಕಾದ್ದು

1. ಸ್ಪೀಕರಿನ ಲೈಟ್ ಉರಿಯುತ್ತಿದೆಯೇ? ಕರೆಂಟಿನ ಪ್ಲಗ್ ಅಥವಾ ಯುಎಸ್‌ಬಿ ವೈರು ಸಡಿಲವಾಗಿದೆಯೇ? ವಾಲ್ಯೂಮ್ ತಿರುಗಣೆ ಪೂರ್ತಿ ಕಡಿಮೆಯಾಗಿದೆಯೇ? ಕಸ ಗುಡಿಸುವಾಗ ಕೈ ತಗುಲಿರಬಹುದು, ಇಲಿ ವೈರು ಕಡಿದಿರಬಹುದು.

2. ಸ್ಪೀಕರಿನ ಪಿನ್ನು ಸಾಮಾನ್ಯವಾಗಿ ಕಂಪ್ಯೂಟರಿನ ಹಿಂದಿನ ಹಸಿರು ತೂತಿನಲ್ಲಿ ಇರಬೇಕು. ಗುಲಾಬಿ ಬಣ್ಣದ್ದು ಮೈಕಿಗೆ. ನೀಲಿಯದು ಹೊರಗಿನಿಂದ ಧ್ವನಿ ಒಳಗೆ ತರೋದಕ್ಕೆ. 1999ರಲ್ಲಿ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪನಿಗಳ ಮಾರ್ಗಸೂಚಿಯಿಂದ ಈ ಬಣ್ಣಗಳು ರೂಢಿಗೆ ಬಂದವು. ಪಿನ್ನನ್ನು ಒಮ್ಮೆ ತೆಗೆದು ಪೂರ್ತಿ ಒತ್ತಿ ಹಾಕಿ.

3. ಮುಂಭಾಗದಲ್ಲಿ ಹೆಡ್‌ಫೋನ್ ಸಿಕ್ಕಿಸಿದ್ದರೆ ತೆಗೆಯಿರಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇದ್ದಾಗ ಹಿಂದಿನ ಸ್ಪೀಕರ್ ಸುಮ್ಮನಾಗುತ್ತೆ.

4. ಈಗ ಅದಲು ಬದಲು ಪರೀಕ್ಷೆ. ಇದು ಎಲ್ಲಕ್ಕಿಂತ ಮುಖ್ಯ. ಸ್ಪೀಕರಿನ ಪಿನ್ನನ್ನು ಇಯರ್‌ಫೋನ್ ತೂತಿರುವ ಮೊಬೈಲಿಗೆ ಹಾಕಿ ಹಾಡು ಹಚ್ಚಿ. ಹಾಡು ಕೇಳಿಸಿದರೆ ಸ್ಪೀಕರ್ ಸರಿಯಿದೆ, ತೊಂದರೆ ಕಂಪ್ಯೂಟರಿನಲ್ಲಿ. ಕೇಳಿಸದಿದ್ದರೆ ಮೊಬೈಲಿನ ಇಯರ್‌ಫೋನನ್ನು ಕಂಪ್ಯೂಟರಿನ ಹಸಿರು ತೂತಿಗೆ ಹಾಕಿ ನೋಡಿ. ಅಲ್ಲಿ ಕೇಳಿಸಿದರೆ ಕೆಟ್ಟಿರುವುದು ಸ್ಪೀಕರ್ ಮಾತ್ರ.

ಪರದೆಯ ಮೇಲೆ ನೋಡಬೇಕಾದ್ದು

5. ಕೆಳಗೆ ಬಲಮೂಲೆಯಲ್ಲಿ ಸ್ಪೀಕರಿನ ಚಿಕ್ಕ ಚಿತ್ರ ಇರುತ್ತೆ. ಪಕ್ಕದಲ್ಲಿ ಅಡ್ಡಗುರುತು ಇದ್ದರೆ ಧ್ವನಿ ಮ್ಯೂಟ್ ಆಗಿದೆ ಅಥವಾ ಸಾಧನ ಸಿಕ್ಕಿಲ್ಲ ಅಂತ ಅರ್ಥ. ಒತ್ತಿ ಮ್ಯೂಟ್ ತೆಗೆದು ಗೆರೆಯನ್ನು ಬಲಕ್ಕೆ ಎಳೆಯಿರಿ.

6. ಅಲ್ಲೇ ಇರುವ ಬಾಣದ ಗುರುತು ಒತ್ತಿ, ಧ್ವನಿ ಎಲ್ಲಿಗೆ ಹೋಗ್ತಿದೆ ನೋಡಿ. ಎಚ್‌ಡಿಎಂಐ ವೈರಿನಿಂದ ಮಾನಿಟರ್ ಜೋಡಿಸಿದ್ದರೆ ವಿಂಡೋಸ್ ಕೆಲವೊಮ್ಮೆ ಧ್ವನಿಯನ್ನು ಮಾನಿಟರಿಗೇ ಕಳಿಸುತ್ತೆ. ಮಾನಿಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೆ ಏನೂ ಕೇಳಿಸಲ್ಲ. ಪಟ್ಟಿಯಲ್ಲಿ "ಸ್ಪೀಕರ್ಸ್" ಆರಿಸಿ.

7. ಒಂದು ವಿಡಿಯೋದಲ್ಲಿ ಮಾತ್ರ ಧ್ವನಿ ಇಲ್ಲವೇ? ಆ ವಿಡಿಯೋದ ಮ್ಯೂಟ್ ಗುರುತು ನೋಡಿ. ಸ್ಪೀಕರಿನ ಚಿತ್ರದ ಮೇಲೆ ಬಲಗುಂಡಿ ಒತ್ತಿದರೆ ಸಿಗುವ "ವಾಲ್ಯೂಮ್ ಮಿಕ್ಸರ್"ನಲ್ಲೂ ನೋಡಿ.

8. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಸ್ಟಾರ್ಟ್ ಗುರುತಿನ ಮೇಲೆ ಬಲಗುಂಡಿ ಒತ್ತಿ "ಡಿವೈಸ್ ಮ್ಯಾನೇಜರ್" ತೆರೆಯಿರಿ. ಸೌಂಡ್ ಸಾಲಿನಲ್ಲಿ ಕೆಳಮುಖದ ಬಾಣ ಇದ್ದರೆ ಅದನ್ನು ಯಾರೋ ನಿಲ್ಲಿಸಿದ್ದಾರೆ. ಬಲಗುಂಡಿ ಒತ್ತಿ "ಎನೇಬಲ್" ಮಾಡಿ. ಹಳದಿ ಗುರುತಿದ್ದರೆ ಡ್ರೈವರ್ ತೊಂದರೆ ಇರಬಹುದು. ಡ್ರೈವರ್ ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತೆ. ಬೇರೆ ಕಡೆಯಿಂದ ಇಳಿಸಿಕೊಳ್ಳಬೇಡಿ.

ಅಂಗಡಿಗೆ ಹೋಗಲೇಬೇಕಾದರೆ

ಏನೇನು ನೋಡಿದ್ದೀರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಸ್ಪೀಕರ್ ಮೊಬೈಲಿನಲ್ಲಿ ಕೇಳಿಸುತ್ತೆ, ಕಂಪ್ಯೂಟರಿನಲ್ಲಿ ಇಲ್ಲ" ಅಂತ ಹೇಳಿದರೆ ಅವರ ಕೆಲಸವೂ ಹಗುರ, ನಮ್ಮ ಖರ್ಚೂ ಕಡಿಮೆ.

ಹೆಚ್ಚಿನ ಕಂಪ್ಯೂಟರುಗಳಲ್ಲಿ ಸೌಂಡ್ ಕಾರ್ಡ್ ಮದರ್‌ಬೋರ್ಡಿನಲ್ಲೇ ಸೇರಿರುತ್ತೆ. ಅದು ನಿಜವಾಗಿ ಹೋಗಿದ್ದರೂ, ಬೇರೆಲ್ಲ ಸರಿಯಿದ್ದರೆ, ಬೋರ್ಡ್ ಬದಲಿಸಬೇಕಾಗಿಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಕೇಳಿ. ಬೆರಳುದ್ದದ ವಸ್ತು, ಸಾದಾ ಒಂದು ಕೆಲವು ನೂರು ರೂಪಾಯಿಗೆ ಸಿಗುತ್ತೆ. ಸ್ಪೀಕರ್ ಪಿನ್ನನ್ನು ಅದಕ್ಕೆ ಹಾಕಿದರಾಯಿತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಸುರಕ್ಷತೆಯ ದೃಷ್ಟಿಯಿಂದ ಇದು ಯೋಚಿಸಬೇಕಾದ ವಿಷಯ ನಿಜ. ಆದರೆ ಅದೊಂದೇ ಕಾರಣಕ್ಕೆ ಧ್ವನಿ ನಿಂತುಹೋಗಲ್ಲ.

ನೆನಪಿಡಿ

- ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಕರೆಂಟ್ ಇರುವಾಗ ಕಂಪ್ಯೂಟರಿನ ಡಬ್ಬ ಬಿಚ್ಚಬೇಡಿ.
- ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಧ್ವನಿ ಬಂತೇ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಕಾರಣ ತಿಳಿಯಲ್ಲ.
- ಖರ್ಚಿನ ಅಂದಾಜು ಕೇಳಿ. ಬದಲಿಸಿದ ಹಳೇ ಭಾಗವನ್ನೂ ಬಿಲ್ಲನ್ನೂ ಪಡೆಯಿರಿ.

ಈ ಹಾಳೆಯನ್ನು ಮುಂದಿನ ಸಭೆಯಲ್ಲಿ ಒಬ್ಬರು ಓದಿ ಹೇಳಿ. ಕಂಪ್ಯೂಟರ್ ಇರುವ ಸದಸ್ಯರ ಮನೆಯಲ್ಲಿ ನಾಲ್ಕನೇ ಪರೀಕ್ಷೆಯನ್ನು ಎಲ್ಲರೂ ಕೈಯಾರೆ ಮಾಡಿ ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಮೌಸ್ ನಿಮ್ಮ ಕೈಯಲ್ಲೇ ಇರಲಿ.