ರಾತ್ರಿ ಹಾಸಿಗೆ ಇಲ್ಲದಿದ್ದರೆ ಘಾಟಿಯೇ ಗತಿ

ಛತ್ರಪತಿ ಸಂಭಾಜಿನಗರ: ಮರಾಠವಾಡದ ಹಳ್ಳಿಗಳಲ್ಲಿ ರಾತ್ರಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ ಬಾಯಿಗೆ ಬರುವ ಹೆಸರು ‘ಘಾಟಿ’. ಇಲ್ಲಿನ ಈ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2023ರ ಅಕ್ಟೋಬರ್ ಮೊದಲ ವಾರ ಒಂದೇ ದಿನ 18 ರೋಗಿಗಳು ಅಸುನೀಗಿದರು. ಆಗ 1,177 ಹಾಸಿಗೆಗಳಿದ್ದಲ್ಲಿ ದಾಖಲಾಗಿದ್ದವರು 1,600ಕ್ಕೂ ಅಧಿಕ.

ನಿಯಮದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 6, ಗ್ರಾಮೀಣ ಆಸ್ಪತ್ರೆಗೆ 30 ಹಾಸಿಗೆಗಳು. ರಾತ್ರಿ ಡಾಕ್ಟರು ಇಲ್ಲವಾದರೆ ಅವು ಮುಚ್ಚಿದಂತೆಯೇ. ಅದಕ್ಕೆ ಆದೇಶವೇನೂ ಬೇಕಿಲ್ಲ. ಆಗ ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ ತಾಲೂಕುಗಳ ಗರ್ಭಿಣಿಯರು ಕತ್ತಲಲ್ಲಿ ಗುಡ್ಡಗಾಡು ದಾಟಿ ನಾಸಿಕಕ್ಕೇ ಬರಬೇಕು.

ಸಾತಪುರ, ವಾಳೂಜ್‌ಗಳಲ್ಲಿ ರಾತ್ರಿ ಪಾಳಿಗೆ ಹೋಗುವ ಕನ್ನಡಿಗರಿಗೂ ಇದು ದೂರದ ಮಾತಲ್ಲ. ಸಮೀಪದ ಆಸ್ಪತ್ರೆಯಲ್ಲಿ ರಾತ್ರಿ ದಾಖಲಾತಿ ಇದೆಯೇ ಎಂಬುದನ್ನು ಸಂಘದ ಸದಸ್ಯರು ಹಗಲಲ್ಲೇ ವಿಚಾರಿಸಿಟ್ಟುಕೊಳ್ಳುವುದು ಒಳಿತು. ಆಂಬುಲೆನ್ಸ್‌ಗೆ 108.